ಗಿಟಾರಿನೋನ ಹಾಡು, ನಮ್ಮಪ್ಪನ ಕ್ಯಾಸೆಟ್ಟು

ನಮ್ಮ ಮನೇಲೀಗ ಬಾಣಂತನ ಕಣ್ರವ್ವ. ಮಗಳು ಹೆರಿಗೆಗೆ ಬಂದವ್ಳೆ, ಕೂಸಿಗೆ ಬರೋ ಮಂಗಳವಾರ ಮೂರು ತಿಂಗಳು ತುಂಬ್ತದೆ. ಬಾಣಂತಿ ಇರೋ ಮನೆ ಅಂದ್ರೆ ನಿಮಗೆ ಹೇಳ್ಬೇಕಾ? ಬೆಳಿಗ್ಗೆ ಎದ್ದು ಹಂಡೆಗೆ ಉರಿ ಹಾಕೋದ್ರಿಂದ ಹಿಡಿದು ರಾತ್ರಿ ಸಾಂಬ್ರಾಣಿ ಹೊಗೆ ಹಿಡಿಯೋವರೆಗೂ ಕಾಲು ಒಂದು ಕಡೆ ನಿಲ್ಲಾಕಿಲ್ಲ. ಅದಕ್ಕೇ ಎರಡು ತಿಂಗಳಿಂದ ಏನೂ ಬರೆದಿಲ್ಲ. ಬಾಣಂತಿ ಖಾರದ ಅಳತೆ ಬರೀತೀನಿ ಅಂದಿದ್ದೆ, ಅದು ಮುಂದಿನ ಸಲಕ್ಕೆ ಇರಲಿ. ಇವತ್ತು ಬೇರೆ ವಿಷಯ. ನಗಬ್ಯಾಡಿ, ಒಬ್ಬ ಗಿಟಾರಿನೋನ ಹಾಡಿನ ವಿಷಯ.

ಒಂದು ಮಧ್ಯಾಹ್ನ ಕೂಸು ಹಟ ಹಿಡಿದು ಅಳ್ತಿತ್ತು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡ್ತಿದ್ದೆ. ಒಳಗಿಂದ ಇದ್ದಕ್ಕಿದ್ದಂಗೆ ಡ್ರಮ್ಮು, ಗಿಟಾರು, ಒಬ್ಬ ಗಂಡಸು ಎದೆ ಬಿಚ್ಚಿ ಹಾಡೋದು ಕೇಳಿಸ್ತು. ಓಡಿ ಬಂದು ನೋಡ್ತೀನಿ, ಮಗಳು ಮೊಬೈಲನ್ನ ತೊಟ್ಟಿಲ ಪಕ್ಕ ಇಟ್ಟವ್ಳೆ. “ಇದೇನೇ ಇದು, ಹಸುಗೂಸಿಗೆ ಜಾತ್ರೆ ತೋರಿಸ್ತಿದ್ದೀಯಾ?” ಅಂದೆ. “ಸುಮ್ಕಿರವ್ವ, ನೋಡು ಹೆಂಗೆ ಅಳು ನಿಲ್ಸುದ್ಲು” ಅಂದ್ಲು. ಕೂಸೇನೋ ಕಣ್ಣರಳಿಸ್ಕಂಡು ಸುಮ್ಮನಾಗಿತ್ತು. ಆದ್ರೆ ನನ್ನ ಕಿವಿಗೆ ಆ ಹಾಡಿನ ಮಾತು ಬಿತ್ತು ನೋಡಿ, ಸಿಟ್ಟು ನೆತ್ತಿಗೇರ್ತು. ಅದು ಶಿಶುನಾಳ ಶರೀಫಜ್ಜನ ಗುಡುಗುಡಿ ಪದ!

ನಮ್ಮಪ್ಪ ಹಾಡ್ತಿದ್ದ ಪದ ಅದು. ನನ್ನ ತವರು ಟಿ. ನರಸೀಪುರದ ಕಡೆ ಅಂತ ನಿಮಗೆಲ್ಲ ಗೊತ್ತು. ಅಪ್ಪ ಬೇಸಾಯದೋರು, ಓದಿದ್ದು ನಾಕನೇ ಕ್ಲಾಸು. ಆದ್ರೆ ಸೋಮವಾರ ರಾತ್ರಿ ಭಜನೆ ಮನೇಲಿ ಏಕತಾರಿ ಹಿಡಿದು ಕೂತ್ರೆ ಊರೋರು ಎದ್ದು ಹೋಗ್ತಿರ್ಲಿಲ್ಲ. ಮಾದಪ್ಪನ ಪದ, ಮಂಟೇಸ್ವಾಮಿ ಪದ, ಆಮೇಲೆ ಕೊನೇಲಿ ಶರೀಫರದ್ದು. ಗುಡುಗುಡಿ ಸೇದೋ ನೆಪ ಮಾಡ್ಕಂಡು ಈ ದೇಹ, ಮನಸ್ಸು, ಒಳಗಿನ ಕೆಟ್ಟ ಗುಣ ಸುಟ್ಕಳ್ಳೋದು ಇವೆಲ್ಲಾನೂ ಹೇಳೋ ಪದ ಅದು. ಅದನ್ನ ಹಿಂಗೆ ಕುಣಿಸಿಬಿಟ್ರೆ ಕೇಳೋ ಹುಡುಗ್ರು ಏನಂದ್ಕಂಡಾರು? ಬೀಡಿ ಸೇದೋ ಹಾಡು ಅಂದ್ಕಂಡಾರು, ಅಷ್ಟೇಯ.

ಮಗಳಿಗೆ ಬಯ್ದೆ. “ತತ್ವಪದಾನ ತಂದು ಬ್ಯಾಂಡ್ ಸೆಟ್ಟಿಗೆ ಹಾಕವ್ನೆ. ಇದ್ನ ನನ್ ಮೊಮ್ಮಗಳಿಗೆ ಕೇಳಿಸ್ಬ್ಯಾಡ.”

ಅವಳು ತಲೆ ಎತ್ತದೆ ಅಂದ್ಲು, “ಹಂಗಾರೆ ನೀನೇ ಹಾಡು.”

ನಾನು ಮಾತಾಡಲಿಲ್ಲ. ಹಿತ್ತಲಿಗೆ ಹೋಗಿ ಹಿಂಡಿದ ಬಟ್ಟೇನೇ ಇನ್ನೊಂದು ಸಲ ಹಿಂಡಿದೆ. ಮದುವೆಯಾಗಿ ಕಿರುಗಾವಲಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಒಲೆ ಮುಂದೆ ಗುನುಗಿರಬಹುದೇ ಹೊರತು ಬಾಯಿಬಿಟ್ಟು ನಾನು ಹಾಡಿದ್ದಿಲ್ಲ. ಮಕ್ಕಳನ್ನ ತೂಗುವಾಗಲೂ ಬರೀ “ಉಲ್ಲುಲ್ಲಾಯಿ” ಅಷ್ಟೇ. ಯಾಕೆ ಅನ್ನೋದು ಮುಂದೆ ಹೇಳ್ತೀನಿ.

ನಮ್ಮವ್ವ ಒಂದು ಮಾತು ಹೇಳೋರು, ಸಾರಿನ ರುಚಿ ನೋಡದೆ ಉಪ್ಪು ಕಮ್ಮಿ ಅನ್ನಬಾರದು ಅಂತ. ಅದಕ್ಕೇ ಮಾರನೇ ದಿನ ಮಗಳಿಗೆ ಹೇಳಿದೆ, ಅವನ ಹಾಡು ಎಷ್ಟವೆ ಎಲ್ಲಾನೂ ಹಾಕು, ಪೂರ್ತಿ ಕೇಳಿ ಆಮೇಲೇ ಬಯ್ತೀನಿ ಅಂತ. ಅವಳಿಗೆ ನಗು. ಒಂದು ವಾರ, ದಿನಾ ಮಧ್ಯಾಹ್ನ ಕೂಸು ಮಲಗಿದ ಮೇಲೆ ಅವರೆಕಾಯಿ ಸುಲೀತಾ, ಅಕ್ಕಿ ಆರಿಸ್ತಾ ಕೇಳಿದೆ.

ಹಾಡೋನು ರಘು ದೀಕ್ಷಿತ್. ದೂರದೋನೇನಲ್ಲ, ಬೆಳೆದಿದ್ದೆಲ್ಲ ನಮ್ಮ ಮೈಸೂರಲ್ಲೇ. ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ತಗಂಡೋನು, ಭರತನಾಟ್ಯದಲ್ಲಿ ವಿದ್ವತ್ ಮಾಡ್ಕಂಡೋನು. ಕಾಲೇಜಲ್ಲಿ ಡ್ಯಾನ್ಸು ಹೆಂಗಸರ ಕೆಲಸ ಅಂತ ಒಬ್ಬ ಹಂಗಿಸಿದ್ದಕ್ಕೆ, ಪಂತ ಕಟ್ಟಿ ಗಿಟಾರು ಕಲಿತನಂತೆ. ಮೊದಲು ಅಂತರಾಗ್ನಿ ಅಂತ ಒಂದು ಬ್ಯಾಂಡಲ್ಲಿ ಮುಂದೆ ನಿಂತು ಹಾಡ್ತಿದ್ದ. ಅದು ಒಡೆದು ಹೋದ ಮೇಲೆ ಒಬ್ಬನೇ ಹಾಡು ಹಿಡ್ಕಂಡು ಕಂಪನಿ ಕಂಪನಿ ಬಾಗಿಲು ತಟ್ಟಿದ, ಯಾರೂ ಬೇಡ ಅಂದ್ರು. ಕೊನೆಗೆ 2008ರಲ್ಲಿ ಹಿಂದಿ ಸಿನಿಮಾಕ್ಕೆ ಸಂಗೀತ ಕೊಡೋ ವಿಶಾಲ್-ಶೇಖರ್ ತಮ್ಮ ಕಂಪನಿಯಿಂದ ಅವನ ಮೊದಲನೇ ಆಲ್ಬಮ್ ತಂದ್ರು. ಆಲ್ಬಮ್ಮಿಗೆ ಅವನ ಹೆಸರೇ ಹೆಸರು. ಮಗಳು ಹಾಕ್ತಿದ್ದದ್ದು ಅದನ್ನೇ.

ಈಗ ನಾನು ಕಂಡಿದ್ದು ಹೇಳ್ತೀನಿ. ಅದರಲ್ಲಿ ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಅವೆ. ಇದು ನಂಗೆ ಹಿಡಿಸಲಿಲ್ಲ. ಒಂದೇ ಎಲೇಲಿ ಮುದ್ದೆ, ಪೂರಿ, ಕೇಕು ಬಡಿಸಿದಂಗೆ. ಯಾವುದನ್ನ ಮೊದಲು ಮುಟ್ಟಬೇಕು? ಭಗವಂತನ್ನ ಕೂಗೋ ಹಿಂದಿ ಹಾಡು ಒಂದದೆ, ಇನ್ನೊಂದು ಸಲ ಬದುಕು ಕೊಡು ಅಂತ ಕೇಳೋದು. ಅದು ಪರವಾಗಿಲ್ಲ, ಬೇಡೋ ದನಿ ನಿಜವಾಗದೆ. ಮೈಸೂರಿಂದ ಬಂದ ಹುಡುಗಿ ಮೇಲೆ ಒಂದು ಹಿಂದಿ ಹಾಡದೆ. ಮೈಸೂರಿನ ಹುಡುಗಿಗೆ ಹಿಂದೀಲಿ ಯಾಕಪ್ಪ ಹಾಡ್ಬೇಕು, ಅವಳಿಗೆ ಕನ್ನಡ ಬರಲ್ವಾ ಅಂತ ನಾನು ಕೇಳಿದೆ. ಮಗಳು, “ಮುಂಬೈಯೋರಿಗೂ ಗೊತ್ತಾಗ್ಲಿ ಅಂತ ಕಣವ್ವ” ಅಂದ್ಲು. ಇಂಗ್ಲಿಷಿನ ಪ್ರೀತಿ ಹಾಡಿಗೆ ನಾನು ಎದ್ದು ಹೋಗಿ ಅನ್ನಕ್ಕಿಟ್ಟೆ. ಅರ್ಥವಾಗದ್ದನ್ನ ಚೆನ್ನಾಗದೆ ಅನ್ನೋಕೆ ನಂಗೆ ಬರಾಕಿಲ್ಲ.

ವೀಡಿಯೋನೂ ತೋರಿಸಿದ್ಲು. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ಟೀವೀಲಿ, ಜೂಲ್ಸ್ ಹಾಲೆಂಡ್ ಅನ್ನೋರ ಕಾರ್ಯಕ್ರಮದಲ್ಲಿ ಹಾಡಿದ್ದಂತೆ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಕಂಡು ನಿಂತಿರೋದು ನೋಡಿ ನಾನು, “ವೇಷ ಬೇರೆ ಕೇಡು” ಅಂದೆ. ಅಂದ ಮೇಲೆ ನೆನಪಾಯ್ತು, ನಮ್ಮಪ್ಪನೂ ಭಜನೇಲಿ ಬಲಗಾಲಿಗೆ ಗೆಜ್ಜೆ ಕಟ್ಟೋರು. ಪಂಚೆ ಮೊಣಕಾಲವರೆಗೂ ಎತ್ತಿ ಕಟ್ಟಿ, ಗೆಜ್ಜೆಕಾಲು ನೆಲಕ್ಕೆ ಕುಟ್ಟಿ ತಾಳ ಹಿಡಿಯೋರು. ಅದನ್ನ ನಾನು ಬಾಯಿಬಿಟ್ಟು ಮಗಳಿಗೆ ಹೇಳಲಿಲ್ಲ.

ನಾಕನೇ ದಿನವೋ ಐದನೇ ದಿನವೋ ಇನ್ನೊಂದು ಪೆಟ್ಟು ಬಿತ್ತು. ಸೋಮವಾರ ಬೆಳಿಗ್ಗೆ ನಾನು ಪೂಜೆ ಮಾಡುವಾಗ ಮಾದಪ್ಪನ ಒಂದು ಹಾಡು ಹಾಕ್ಕಳ್ತೀನಿ, ನಿಮಗೂ ಗೊತ್ತಿರೋದೇ. ‘ಸೈಕೋ’ ಅನ್ನೋ ಸಿನಿಮಾದ್ದು. ಆ ಸಿನಿಮಾ ನಾನು ನೋಡಿಲ್ಲ, ಹಾಡು ಮಾತ್ರ ಬಾಯಿಪಾಠ. 2008ರಲ್ಲಿ ಅದು ಬಂದಾಗ ಬೆಟ್ಟಕ್ಕೆ ಹೋಗೋ ವ್ಯಾನು, ಟೆಂಪೋ ಎಲ್ಲದರಲ್ಲೂ ಅದೇಯ. ಶಿವರಾತ್ರಿಗೆ ನಮ್ಮ ಕಡೆಯಿಂದ ನಡ್ಕಂಡು ಹೋಗೋರು ಅದನ್ನೇ ಹಾಕ್ಕಂಡು ಹೆಜ್ಜೆ ಹಾಕೋರು. ಅವತ್ತು ಮಗಳು ಕೇಳಿದ್ಲು, “ಅವ್ವ, ಇದ್ನ ಹಾಡಿರೋರು ಯಾರು ಗೊತ್ತಾ?” “ಯಾರೋ ಮಾದಪ್ಪನ ಭಕ್ತರು” ಅಂದೆ. “ಸಂಗೀತನೂ ಅವ್ರದ್ದೇ, ಹಾಡಿರಾದೂ ಅವ್ರೇಯ. ನಿನ್ ಬ್ಯಾಂಡ್ ಸೆಟ್ಟಿನೋರು.”

ಊದುಕಡ್ಡಿ ಕೈಯಲ್ಲೇ ಇತ್ತು. ಇಷ್ಟು ವರ್ಷ ಅದರಲ್ಲೂ ಗಿಟಾರು ಇದೆ ಅಂತ ನಂಗೆ ಹೊಳೆದೇ ಇರಲಿಲ್ಲ ಕಣ್ರಿ. ದೇವರ ಹೆಸರು ಕೇಳಿಸ್ತು, ಕೈ ಮುಗಿದೆ. ಶರೀಫರ ಪದದಲ್ಲಿ ಮಾತ್ರ ಗಿಟಾರು ಯಾಕೆ ಚುಚ್ತು?

ಅವತ್ತು ಮಧ್ಯಾಹ್ನ ತಾಯಿ ಮಗಳು ವಾದಕ್ಕೆ ಕೂತೋ. ನಾನಂದೆ, “ಶರೀಫರನ್ನ ಹಾಡಿದ್ರೆ ಸಿ. ಅಶ್ವತ್ಥ್ ಹಾಡ್ಬೇಕು. ಅದು ಅಸಲು.” ಅವಳಂದ್ಲು, “ಅಶ್ವತ್ಥ್ ಅವ್ರ ಧಾಟಿ ಅವ್ರು ಕಟ್ಟಿದ್ದು. ಶರೀಫಜ್ಜ ಹಾಡಿದ್ನ ಅವ್ರೇನು ಕೇಳಿದ್ರಾ?” ಅದೂ ನಿಜವೇ. ಶರೀಫರು ಹುಟ್ಟಿದ್ದು 1819, ತೀರಿಕೊಂಡಿದ್ದು 1889. ನಮ್ಮ ದೇಶದಲ್ಲಿ ಗ್ರಾಮಫೋನಿಗೆ ಹಾಡು ಹಿಡಿಯೋಕೆ ಶುರುವಾಗಿದ್ದೇ 1902ರಲ್ಲಿ. ಅವರ ದನಿ ಯಾರ ಹತ್ರನೂ ಇಲ್ಲ. ಶಿಗ್ಗಾವಿ ಕಡೆ ಶಿಶುವಿನಹಾಳದಲ್ಲಿ ಅಜ್ಜ ಹಾಡಿದ್ದು ಬಾಯಿಂದ ಬಾಯಿಗೆ ಬಂದು, ಭಜನೆಯೋರು ಒಂದು ಧಾಟಿ, ನಾಟಕದೋರು ಒಂದು ಧಾಟಿ ಮಾಡ್ಕಂಡ್ರು. “ಹಾರ್ಮೋನಿಯಂ ಫ್ರಾನ್ಸಿಂದ ಬಂತು, ಪಿಟೀಲೂ ಅತ್ತಾಗಿಂದ್ಲೇ ಬಂತು. ಅವೆರಡೂ ಭಜನೆ ಮನೆಗೆ ಬರಬೋದು, ಗಿಟಾರು ಬಂದ್ರೆ ಮೈಲಿಗೆಯಾ?” ಅಂದ್ಲು. ಓದಿಸಿದ್ದು ಜಾಸ್ತಿ ಆಯ್ತು ಅಂದ್ಕಂಡೆ.

ಆಮೇಲೆ ಮಾಳಿಗೆ ಸೋರೋ ಪದ ಹಾಕಿದ್ಲು. ಅದೂ ಆ ಆಲ್ಬಮ್ಮಲ್ಲಿ ಅದೆ. ನಾನು ಕಿವಿ ನೆಟ್ಟಗೆ ಮಾಡ್ಕಂಡು ಕೇಳಿದೆ. ಅಪ್ಪ ಆ ಪದಾನ ನಿಧಾನಕ್ಕೆ ಹಾಡೋರು, ರಾತ್ರಿ ಪಾತ್ರೆಗೆ ಹನಿ ಬೀಳ್ತಾವಲ್ಲ ಹಂಗೆ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಟ್ಟು. ಇಲ್ಲಿ ಆ ಬಿಡುವಿನ ಜಾಗಕ್ಕೂ ವಾದ್ಯ ತುಂಬಿಸವ್ರೆ. ಮನೆ ಸೋರೋವಾಗ ಇಷ್ಟು ಗದ್ದಲ ಇರಾಕಿಲ್ಲ, ಸೋರೋ ಮನೇಲಿ ಎಲ್ಲರೂ ಸುಮ್ಮನೆ ಎದ್ದು ಕೂತಿರ್ತಾರೆ. ಇದು ನನ್ನ ತಕರಾರು, ಈಗಲೂ ಬಿಟ್ಟಿಲ್ಲ. ಆದ್ರೆ ಒಂದು ಒಪ್ಪಬೇಕು. ನಮ್ಮಪ್ಪ ನಮ್ಮ ಕಡೆ ಮಾತಲ್ಲಿ “ಮನೆಯ ಮಾಳಿಗೆ” ಅಂತಿದ್ರು. ಈ ರಘು ಮೈಸೂರಿನೋನಾದ್ರೂ ಧಾರವಾಡದ ಕಡೆಯೋರಂಗೆ “ಮನಿ, ಮಾಳಿಗಿ” ಅಂತಲೇ ಹಾಡವ್ನೆ. ಅಜ್ಜನ ನಾಲಿಗೆ ಹೆಂಗಿತ್ತೋ ಹಂಗೆ ಇಟ್ಟವ್ನೆ. ಹಂಗಾರೆ ಮಾತಿನ ಮಟ್ಟಿಗೆ ಅಸಲು ಯಾರದ್ದು, ಅಪ್ಪಂದಾ, ಈ ಗಿಟಾರಿನೋನ್ದಾ? ನಂಗೆ ಉತ್ತರ ಗೊತ್ತಿತ್ತು, ಹೇಳೋಕೆ ನಾಲಿಗೆ ಬರಲಿಲ್ಲ.

ಈಗ ಆ ಕ್ಯಾಸೆಟ್ಟಿನ ಕತೆ. ಇದನ್ನ ನಾನು ಯಾರಿಗೂ ಹೇಳಿಲ್ಲ. ನಮ್ಮ ಮನೆಯೋರಿಗೂ ಹೇಳಿಲ್ಲ.

ನಾನು ಪಿಯುಸಿ ಓದುವಾಗ ಬೆಂಗಳೂರಲ್ಲಿದ್ದ ಚಿಕ್ಕಪ್ಪ ಒಂದು ಟೇಪ್ ರೆಕಾರ್ಡರ್ ತಂದಿದ್ರು. ಶ್ರಾವಣ ಸೋಮವಾರ ಭಜನೇಲಿ ಅದನ್ನ ಅಪ್ಪನ ಮುಂದೆ ಇಟ್ಟು, ಒಂದು ಮಗ್ಗುಲು ತುಂಬ ಹಾಡಿಸಿದ್ರು. ಮಾದಪ್ಪನ ಪದ ಎರಡು, ಶರೀಫರದ್ದು ಎರಡು. ನಡುವೆ ಯಾರೋ ಕೆಮ್ಮೋದು, ನಮ್ಮವ್ವ ಬಾಗಿಲಲ್ಲಿ ನಿಂತು “ಕಾಪಿ ಆರೋಯ್ತದೆ” ಅನ್ನೋದು, ಎಲ್ಲ ಅದರಲ್ಲಿ ಇತ್ತು. ಚಿಕ್ಕಪ್ಪ ರೆಕಾರ್ಡರನ್ನ ನಮ್ಮ ಮನೇಲೇ ಬಿಟ್ಟು ಹೋದ್ರು.

1990ರಲ್ಲಿ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ನಾಗಾಭರಣ ಮಾಡಿದ್ದು, ಶ್ರೀಧರ್ ಶರೀಫ ಆಗಿದ್ದು, ಅಶ್ವತ್ಥ್ ಸಂಗೀತ. ನಂಗೆ ಅಶ್ವತ್ಥ್ ದನಿ ಅಂದ್ರೆ ಹುಚ್ಚು. ಒಂದು ದಿನ ರೇಡಿಯೋದಲ್ಲಿ ಆ ಹಾಡು ಬರ್ತದೆ ಅಂತ ಗೊತ್ತಾಯ್ತು. ಖಾಲಿ ಕ್ಯಾಸೆಟ್ಟಿಗೆ ದುಡ್ಡಿಲ್ಲ. ಕೈಗೆ ಸಿಕ್ಕಿದ ಕ್ಯಾಸೆಟ್ ಹಾಕಿ, ರೇಡಿಯೋ ಮುಂದೆ ರೆಕಾರ್ಡರ್ ಇಟ್ಟು, ಎರಡೂ ಗುಂಡಿ ಒತ್ತಿದೆ. ಇನ್ನೊಂದು ಮಗ್ಗುಲು ಅಂದ್ಕಂಡು ಒತ್ತಿದ್ದು. ಅದು ಅಪ್ಪ ಹಾಡಿದ್ದ ಮಗ್ಗುಲು.

ಶರೀಫರ ಪದ ಅಳಿಸಿ ಶರೀಫರ ಪದಾನೇ ತುಂಬಿಸಿದೆ ನೋಡಿ. ಅಪ್ಪನ ದನಿ ಹೋಯ್ತು, ಅವ್ವನ ಕಾಪಿ ಹೋಯ್ತು. ಕ್ಯಾಸೆಟ್ಟಿನ ಹಿಂಬದಿ ಒಂದು ಸಣ್ಣ ಹಲ್ಲು ಇರ್ತದೆ, ಅದನ್ನ ಮುರಿದಿಟ್ರೆ ಮೇಲೆ ಬೇರೆ ರೆಕಾರ್ಡ್ ಆಗಾಕಿಲ್ಲ. ಅದು ನಂಗೆ ಆಮೇಲೆ ಯಾರೋ ಹೇಳಿದ್ದು.

ಅಪ್ಪನಿಗೆ ಗೊತ್ತಾದಾಗ ಬಯ್ಯಲಿಲ್ಲ. “ಹೋಗ್ಲಿ ಬುಡು ಮಗ, ಅವ್ರು ನನ್ಗಿಂತ ಚೆನ್ನಾಗಿ ಹಾಡ್ತಾರೆ” ಅಂದು ಎತ್ತಿಗೆ ಹುಲ್ಲು ಹಾಕೋಕೆ ಹೋದ್ರು. ಇನ್ನೊಂದು ಸಲ ಹಿಡಿದುಕೊಂಡ್ರಾಯ್ತು ಅಂದ್ಕಂಡೆ. ಅಷ್ಟರಲ್ಲಿ ಮದುವೆ ಆಯ್ತು, ಇಲ್ಲಿಗೆ ಬಂದೆ. 1994ರಲ್ಲಿ ಅಪ್ಪ ಹೋದ್ರು. ಅವತ್ತಿಂದ ಆ ಪದ ಯಾರು ಹಾಡಿದ್ರೂ ನಂಗೆ ಒಂದಲ್ಲ ಒಂದು ತಪ್ಪು ಕಾಣ್ತದೆ. ನಾನು ಹಾಡಿದ್ರೂ ಅಷ್ಟೇ, ಅದಕ್ಕೇ ಹಾಡಾಕಿಲ್ಲ. ರಘು ದೀಕ್ಷಿತನ ಮೇಲೆ ನಂಗೆ ಬಂದ ಸಿಟ್ಟಲ್ಲಿ ಅರ್ಧ ಅವನದ್ದಲ್ಲ ಅಂತ ಅವರೆಕಾಯಿ ಸುಲೀತಾ ಸುಲೀತಾ ಗೊತ್ತಾಯ್ತು.

ಮಗಳಿಗೆ ಎಲ್ಲಾನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಧಾಟಿ ನಿಂಗೆ ಗ್ಯಾಪ್ಕ ಇದ್ದದಾ?” ಅಂದ್ಲು. ಅದೆ, ಅಂದೆ.

ನಮ್ಮೂರಲ್ಲಿ ಸೈಯದ್ ಘನಿ ಖಾನ್ ಅವರ ತೋಟ ನೀವು ನೋಡಿರಬಹುದು, ಬಡಾಬಾಗ್ ಅಂತಾರೆ. ಟಿಪ್ಪು ಕಾಲದ ಮಾವಿನ ಮರ ಅಲ್ಲವೆ. ಅವರು ಹಳೇ ಬತ್ತದ ತಳಿ ನೂರಾರು ಉಳಿಸವ್ರೆ. ಹೆಂಗೆ ಉಳಿಸಿದ್ದು? ಡಬ್ಬೀಲಿಟ್ಟು ಬೀಗ ಹಾಕಿ ಅಲ್ಲ. ಬಿತ್ತನೆ ಬತ್ತ ಎರಡು ಮೂರು ವರ್ಷ ಸುಮ್ಮನೆ ಇಟ್ರೆ ಮೊಳಕೆ ಬರಾಕಿಲ್ಲ, ಅದು ಬೇಸಾಯದ ಮನೇಲಿ ಹುಟ್ಟಿದ ನಮಗೆಲ್ಲ ಗೊತ್ತು. ಮಡಿ ಮಡಿ ಮಾಡಿ ತಿರುಗಿ ತಿರುಗಿ ಬಿತ್ತಿ ಬೆಳೆದ್ರೇನೇ ತಳಿ ಉಳಿಯೋದು. ನಾನು ಅಪ್ಪನ ಪದಾನ ಮೂವತ್ತು ವರ್ಷ ಗಂಟಲಲ್ಲಿ ಬೀಗ ಹಾಕಿಟ್ಟಿದ್ದೆ, ಉಳಿಸ್ತಿದ್ದೀನಿ ಅಂದ್ಕಂಡು. ಗಿಟಾರಿನೋನು ತನ್ನ ಗದ್ದೆಗೆ ಬಿತ್ಕಂಡ. ಅವನ ಗೊಬ್ಬರ ನಂಗೆ ಹಿಡಿಸದೆ ಇರಬಹುದು, ಬೆಳೆ ಮಾತ್ರ ಬಂದದೆ. ಅವನ ಹಾಡು ಕೇಳದೆ ಇದ್ರೆ ನನ್ನ ಮಗಳಿಗೆ ಗುಡುಗುಡಿ ಪದ ಅಂತ ಒಂದದೆ ಅನ್ನೋದೇ ಗೊತ್ತಿರ್ತಿರಲಿಲ್ಲ. ನಾನಂತೂ ಹೇಳಿಕೊಟ್ಟಿರಲಿಲ್ಲ.

ಹೋದ ಶುಕ್ರವಾರ ರಾತ್ರಿ ಜೋರು ಮಳೆ. ಅಡುಗೆಮನೆ ಹೆಂಚು ಜರುಗಿ ಎರಡು ಕಡೆ ಸೋರ್ತಿತ್ತು, ಒಂದು ಕಡೆ ಬಕೀಟು ಒಂದು ಕಡೆ ತಪ್ಪಲೆ ಇಟ್ಟಿದ್ದೆ. ಕರೆಂಟಿಲ್ಲ, ಕೂಸು ಅಳ್ತದೆ, ಮಗಳ ಮೊಬೈಲಲ್ಲಿ ಚಾರ್ಜಿಲ್ಲ ಅಂದ್ಲು. ತೊಡೆ ಮೇಲೆ ಹಾಕ್ಕಂಡು ತಟ್ತಾ ತಟ್ತಾ ನಂಗೇ ಗೊತ್ತಿಲ್ಲದಂಗೆ ಮಾಳಿಗೆ ಪದ ಬಂತು. ಅಪ್ಪನ ಧಾಟೀಲಿ, ನಿಧಾನಕ್ಕೆ. ಎರಡನೇ ನುಡೀಲಿ ಒಂದು ಸಾಲು ಮರೆತೇ ಹೋಗಿತ್ತು. ಆಗ ನಾಲಿಗೆಗೆ ಬಂದಿದ್ದು ಯಾರ ಸಾಲು ಗೊತ್ತಾ? ವಾರವೆಲ್ಲ ಕೇಳಿದ್ದೆನಲ್ಲ, ಆ ರಘುಂದೇ. “ಮಾಳಿಗಿ” ಅಂತಲೇ ಬಾಯಿಗೆ ಬಂತು. ತಡೆಯದೆ ಹಾಡ್ಕಂಡು ಹೋದೆ.

ಬೆಳಿಗ್ಗೆ ನೋಡಿದ್ರೆ ಮಗಳು ಅದನ್ನ ರೆಕಾರ್ಡ್ ಮಾಡ್ಕಂಡವ್ಳೆ. ಚಾರ್ಜಿಲ್ಲ ಅಂದಿದ್ದು ಸುಳ್ಳು. ಕೇಳಿದೆ. ದನಿ ಒಡೆದದೆ, ಉಸಿರು ಸಾಲದು, ತಪ್ಪಲೆಗೆ ಹನಿ ಬೀಳೋದು ಟಣ್ ಟಣ್ ಅಂತ ಕೇಳಿಸ್ತದೆ, ನಡುವೆ ನಮ್ಮ ಮನೆಯೋರು “ಟಾರ್ಚ್ ಎಲ್ಲಿಟ್ಟಿದ್ದೀಯೆ?” ಅಂತ ಕೂಗೋದೂ ಬಂದದೆ. “ಅಳಿಸಾಕು, ಚೆನ್ನಾಗಿಲ್ಲ” ಅಂದೆ. “ಅಳ್ಸಾಕಿಲ್ಲ ಕಣವ್ವ. ಅಳ್ಸೋ ಕೆಲಸ ನೀನು ಮಾಡಿದ್ದೇ ಸಾಕು” ಅಂದ್ಲು. ಕೋಪ ಬರಬೇಕಿತ್ತು, ಬರಲಿಲ್ಲ.

ಆ ಆಲ್ಬಮ್ ಹೆಂಗದೆ ಅಂತ ನೀವು ಕೇಳಿದ್ರೆ ನನ್ನ ಮಾತು ಇಷ್ಟು. ಗುಡುಗುಡಿ ಪದ ಕೇಳಿ, ಕೂಸುಗಳೂ ಒಪ್ತವೆ. ಮಾಳಿಗೆ ಪದ ಕೇಳಿ, ಆದ್ರೆ ನಿಮ್ಮ ಮನೆ ದೊಡ್ಡೋರ ಬಾಯಲ್ಲೂ ಒಂದು ಸಲ ಕೇಳಿ. ಇಂಗ್ಲಿಷಿನದ್ದು ಬಂದಾಗ ಅನ್ನಕ್ಕಿಡಿ.

ಇನ್ನೊಂದು ಮಾತು, ನನ್ನ ತವರು ಕಡೆಯೋರಿಗೆ. ಆ ಶ್ರಾವಣದ ಭಜನೇಲಿ ಇನ್ನೂ ಯಾರಾದರೂ ಟೇಪು ಹಿಡ್ಕಂಡಿದ್ರೆ, ಅಥವಾ ಚಿಕ್ಕಪ್ಪನ ಮನೆಯ ಹಳೇ ಟ್ರಂಕಿನಲ್ಲಿ ಹೆಸರಿಲ್ಲದ ಕ್ಯಾಸೆಟ್ ಸಿಕ್ಕಿದ್ರೆ, ಬೂಜು ಹಿಡಿದಿದ್ರೂ ಎಸೀಬ್ಯಾಡಿ. ಹಿಂಬದಿ ಆ ಹಲ್ಲು ಮುರಿದು ಎತ್ತಿಡಿ, ನಾನೇ ಬಂದು ಇಸ್ಕಂಡು ಹೋಗ್ತೀನಿ. ಬರುವಾಗ ಬಾಣಂತಿ ಖಾರ ಒಂದು ಡಬ್ಬಿ ತರ್ತೀನಿ.